ಇಕೋ ಎಂಬ ಹಳೆ ಆಟಕ್ಕೂ ಪುರವಣಿಯಲ್ಲಿ ಒಂದು ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮನೆಗೆ ನಿಮ್ಮ ಪತ್ರಿಕೆ ಅಪ್ಪಾಜಿ ಕಾಲದಿಂದ ಬರುತ್ತಿದೆ. ಭಾನುವಾರ ಬೆಳಿಗ್ಗೆ ನಾನು ಮೊದಲು ಎತ್ತಿಕೊಳ್ಳುವುದು ಪುರವಣಿಯನ್ನೇ. ಅದರಲ್ಲಿ ಹಳೆ ಸಿನಿಮಾ, ಹಳೆ ಹಾಡು, ಜನ ಮರೆತ ಕಾದಂಬರಿ, ಹಳೆ ನಾಟಕ ಕಂಪನಿ, ಎಲ್ಲದರ ಬಗ್ಗೆಯೂ ಬರೆಯುತ್ತೀರಿ. ಓದಿ ಖುಷಿಪಡುತ್ತೇನೆ. ಆದರೆ ವಿಡಿಯೋ ಗೇಮ್ ಅನ್ನುವ ಮಾತು ನಿಮ್ಮ ಪತ್ರಿಕೆಯಲ್ಲಿ ನನ್ನ ಕಣ್ಣಿಗೆ ಬೀಳುವುದು ಯಾವುದೋ ಹುಡುಗ ಮೊಬೈಲ್‌ನಲ್ಲಿ ಆಡಿ ದುಡ್ಡು ಕಳೆದುಕೊಂಡ, ಓದು ಬಿಟ್ಟ, ಮನೆ ಬಿಟ್ಟು ಹೋದ ಎಂಬ ಸುದ್ದಿಯಲ್ಲಿ ಮಾತ್ರ. ಆ ಸುದ್ದಿ ಬರಲೇಬೇಕು, ನನಗೂ ಒಬ್ಬಳು ಮಗಳಿದ್ದಾಳೆ. ಆದರೆ ಆಟ ಅಂದರೆ ಅಷ್ಟೇ ಅಂತ ಜನ ತಿಳಿದುಕೊಂಡುಬಿಟ್ಟಿದ್ದಾರಲ್ಲ, ಅದಕ್ಕೆ ಈ ಪತ್ರ.

ನಾನು ಹೇಳಬೇಕು ಅಂತಿರುವುದು ಒಂದೇ ಒಂದು ಆಟದ ಬಗ್ಗೆ. ಅದರ ಹೆಸರು ಇಕೋ. 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ, ಅಂದರೆ ಟೀವಿಗೆ ಸಿಕ್ಕಿಸಿ ಆಡುವ ಸೋನಿ ಕಂಪನಿಯ ಪಿಎಸ್2 ಯಂತ್ರಕ್ಕೆ ಬಂದ ಆಟ. ಕನ್ನಡದಲ್ಲಿ ಇಕೋ ಅಂದರೆ ಇಗೋ, ತಗೋ ಅಂತ ಅಲ್ವಾ? ಜಪಾನಿನವರಿಗೆ ಅದು ಗೊತ್ತಿರಲಿಕ್ಕಿಲ್ಲ, ಆದರೆ ಯಾರಿಗೋ ಕೈ ಚಾಚಿ ಕರೆಯುವ ಆ ಆಟಕ್ಕೆ ಅದಕ್ಕಿಂತ ಒಳ್ಳೆ ಹೆಸರು ಕನ್ನಡದವರೇ ಕೂತು ಹುಡುಕಿದರೂ ಸಿಗುತ್ತಿರಲಿಲ್ಲ.

ನಾನು ಅದನ್ನು ನೋಡಿದ್ದು 2006ರಲ್ಲಿ, ಚಿತ್ರದುರ್ಗದಲ್ಲಿ. ಆಗ ನಾನು ಮೊದಲ ಪಿಯುಸಿ. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಗೇಮ್ ಅಂಗಡಿ ಇತ್ತು. ಎರಡು ಟೀವಿ, ಎರಡು ಪಿಎಸ್2, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಟೇಬಲ್ ಫ್ಯಾನ್. ಗಂಟೆಗೆ 20 ರೂಪಾಯಿ. ಅಲ್ಲಿಗೆ ಬರುತ್ತಿದ್ದ ಹುಡುಗರಿಗೆಲ್ಲ ಬೇಕಾಗಿದ್ದು ಮೂರೇ: ಕುಸ್ತಿ, ಕ್ರಿಕೆಟ್, ಮತ್ತೆ ಊರೆಲ್ಲ ಕಾರು ಕದ್ದು ಓಡಿಸುವ ಜಿಟಿಎ ಸ್ಯಾನ್ ಆಂಡ್ರಿಯಾಸ್. ಅಂಗಡಿಯ ಅಣ್ಣ ಒಂದು ಸಲ ಬೆಂಗಳೂರಿಗೆ ಹೋದಾಗ ಡಿಸ್ಕ್‌ಗಳ ಒಂದು ಕಟ್ಟು ತಂದಿದ್ದರು. ಎಲ್ಲ ಕಾಪಿ ಮಾಡಿದ ಡಿಸ್ಕ್, ಮೇಲೆ ಚಿತ್ರ ಇಲ್ಲ, ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆದಿತ್ತು. ಒಂದರ ಮೇಲೆ ಮೂರೇ ಅಕ್ಷರ. ಎರಡು ವಾರ ಅದನ್ನು ಯಾರೂ ಮುಟ್ಟಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಣ್ಣ, "ಇದೊಂದು ಹಾಕಿ ನೋಡು ತಮ್ಮ, ಓಡುತ್ತೋ ಇಲ್ಲವೋ ಗೊತ್ತಾಗಲಿ" ಅಂದರು.

ಓಡಿತು. ಕಾಡಿನಲ್ಲಿ ಕುದುರೆ ಸವಾರರು ಹೋಗುತ್ತಿದ್ದಾರೆ. ಒಬ್ಬನ ಮುಂದೆ ಒಬ್ಬ ಚಿಕ್ಕ ಹುಡುಗ. ಹುಡುಗನ ತಲೆಯಲ್ಲಿ ಎರಡು ಕೊಂಬು. ಕೊಂಬು ಇಟ್ಟುಕೊಂಡು ಹುಟ್ಟಿದ್ದೇ ಅವನ ತಪ್ಪು. ದೋಣಿಯಲ್ಲಿ ಕೂರಿಸಿಕೊಂಡು ಸಮುದ್ರದ ಮಧ್ಯದ ದೊಡ್ಡ ಕೋಟೆಗೆ ಕರೆದೊಯ್ದು, ಸಾಲಾಗಿ ನಿಲ್ಲಿಸಿದ ಕಲ್ಲಿನ ಪೆಟ್ಟಿಗೆಗಳಲ್ಲಿ ಒಂದರೊಳಗೆ ಅವನನ್ನು ಹಾಕಿ ಮುಚ್ಚಿ ಹೊರಟುಹೋಗುತ್ತಾರೆ. ಊರಿಗೆ ಕೆಡುಕಾಗಬಾರದು ಅಂತ. ಸ್ವಲ್ಪ ಹೊತ್ತಿಗೆ ಕೋಟೆ ನಡುಗುತ್ತದೆ, ಪೆಟ್ಟಿಗೆ ಉರುಳಿ ಬೀಳುತ್ತದೆ, ಹುಡುಗ ಹೊರಗೆ ಬರುತ್ತಾನೆ. ಅಲ್ಲಿಂದ ಆಟ ನಮ್ಮ ಕೈಗೆ ಬರುತ್ತದೆ.

ಪರದೆ ಮೇಲೆ ಏನೂ ಇಲ್ಲ. ಪಾಯಿಂಟ್ ಇಲ್ಲ, ಜೀವ ಎಷ್ಟಿದೆ ಅಂತ ತೋರಿಸುವ ಕೆಂಪು ಪಟ್ಟಿ ಇಲ್ಲ, ನಕ್ಷೆ ಇಲ್ಲ, ಎಷ್ಟು ಹೊತ್ತಾಯಿತು ಅಂತ ಗಡಿಯಾರವೂ ಇಲ್ಲ. ಹಿಂದೆ ಸಂಗೀತವೂ ಇಲ್ಲ. ಗಾಳಿ, ಹಕ್ಕಿಗಳ ದನಿ, ಕಲ್ಲಿನ ಮೇಲೆ ಹೆಜ್ಜೆಯ ಸದ್ದು. ನಾನು ಟೀವಿಯ ಸೌಂಡೇ ಕೆಟ್ಟಿದೆ ಅಂದುಕೊಂಡು ಹಿಂದಿನ ವಯರ್ ಅಲ್ಲಾಡಿಸಿ ನೋಡಿದೆ.

ಹತ್ತಿ ಹತ್ತಿ ಒಂದು ಗೋಪುರದೊಳಗೆ ಹೋದರೆ ಮೇಲೆ ಒಂದು ಪಂಜರ ತೂಗುತ್ತಿದೆ, ಅದರೊಳಗೆ ಬೆಳ್ಳಗೆ ಹೊಳೆಯುವ ಒಬ್ಬ ಹುಡುಗಿ. ಪಂಜರ ಕೆಳಗಿಳಿಸಿದರೆ ಅವಳು ಹೊರಗೆ ಬರುತ್ತಾಳೆ, ಹುಡುಗನ ಮುಂದೆ ಬಗ್ಗಿ ಏನೋ ಹೇಳುತ್ತಾಳೆ. ಕೆಳಗೆ ಅವಳ ಮಾತು ಬರಹದಲ್ಲಿ ಬರುತ್ತದೆ. ಆದರೆ ಅದು ಇಂಗ್ಲಿಷ್ ಅಲ್ಲ, ಜಪಾನಿ ಭಾಷೆಯೂ ಅಲ್ಲ. ಗೀಚಿದ ಹಾಗಿರುವ ಚಿಹ್ನೆಗಳು. ಹುಡುಗನಿಗೆ ಅವಳ ಮಾತು ತಿಳಿಯುವುದಿಲ್ಲ. ನಮಗೂ ತಿಳಿಯುವುದಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ. ಆ ಅಂಗಡಿಯಲ್ಲಿ ಕೂರುತ್ತಿದ್ದ ಹುಡುಗರಲ್ಲಿ ಬಹಳ ಜನ ಹಾಗೇ. ಆಟದ ನಡುವೆ ಮಾತುಕತೆ ಬಂದರೆ ನಾವೆಲ್ಲ ಆಟದ ರಿಮೋಟಿನ ಎಕ್ಸ್ ಬಟನ್ ಒತ್ತಿ ಒತ್ತಿ ದಾಟಿಸಿಬಿಡುತ್ತಿದ್ದೆವು. ಕಥೆ ಏನು, ಇವನು ಯಾಕೆ ಅವನನ್ನು ಹೊಡೆಯುತ್ತಿದ್ದಾನೆ, ಒಂದೂ ತಿಳಿಯುತ್ತಿರಲಿಲ್ಲ. ಇಂಗ್ಲಿಷ್ ಬರುತ್ತಿದ್ದ ಒಬ್ಬಿಬ್ಬರು ಹುಡುಗರು ಕಥೆ ಹೇಳುತ್ತಿದ್ದರು, ಉಳಿದವರು ಕೇಳುತ್ತಿದ್ದೆವು. ಆಟಕ್ಕೆ ಕೊಡುವ ದುಡ್ಡು ಒಂದೇ, ಸಿಗುವ ಆಟ ಮಾತ್ರ ಅರ್ಧ. ಇದು ಆಗ ನನಗೆ ಬಹಳ ಚುಚ್ಚುತ್ತಿತ್ತು. ಈ ಆಟದಲ್ಲಿ ಆ ಹುಡುಗಿ ಬಾಯಿ ಬಿಟ್ಟ ತಕ್ಷಣ ಟೋಕಿಯೋದ ಹುಡುಗ, ಲಂಡನ್ನಿನ ಹುಡುಗ, ದುರ್ಗದ ಹುಡುಗ ಎಲ್ಲರೂ ಒಂದೇ ಆದರು. ಯಾರಿಗೂ ಏನೂ ಅರ್ಥವಾಗಲ್ಲ. ಅರ್ಥ ಮಾಡಿಕೊಳ್ಳುವುದಕ್ಕೆ ಇರುವುದು ಒಂದೇ ದಾರಿ, ಆರ್ ಒನ್ ಬಟನ್.

ಆರ್ ಒನ್ ಒತ್ತಿದರೆ ಹುಡುಗ ಕೈ ಚಾಚಿ ಕರೆಯುತ್ತಾನೆ. ಅವಳು ದೂರ ಇದ್ದರೆ ಕೂಗುತ್ತಾನೆ, ಹತ್ತಿರ ಇದ್ದರೆ ಕೈ ಹಿಡಿಯುತ್ತಾನೆ. ಬಟನ್ ಒತ್ತಿ ಹಿಡಿದಿರುವವರೆಗೆ ಕೈ ಹಿಡಿದಿರುತ್ತಾನೆ, ಬಿಟ್ಟರೆ ಬಿಡುತ್ತಾನೆ. ಹಿಡಿದು ಓಡಿದರೆ ಅವಳು ಹಿಂದೆ ಎಳೆದುಕೊಂಡು ಬರುತ್ತಾಳೆ, ತೋಳು ಜಗ್ಗುತ್ತದೆ, ನಮ್ಮ ಕೈಯಲ್ಲಿರುವ ರಿಮೋಟು ಸಣ್ಣಗೆ ಅದುರುತ್ತದೆ. ನಿಜವಾಗಿ ಒಬ್ಬರ ಕೈ ನಮ್ಮ ಕೈಯಲ್ಲಿದೆ ಅನ್ನಿಸುತ್ತದೆ. ಇಡೀ ಆಟ ಇಷ್ಟೇ: ಆ ಹುಡುಗಿಯನ್ನು ಕೈ ಹಿಡಿದು ಕೋಟೆಯಿಂದ ಹೊರಗೆ ಕರೆದುಕೊಂಡು ಹೋಗಬೇಕು. ಅವಳ ಹೆಸರು ಯೋರ್ಡಾ.

ಅವಳಿಗೆ ಎತ್ತರದ ಗೋಡೆ ಹತ್ತಲು ಆಗುವುದಿಲ್ಲ. ಸರಪಳಿ ಹಿಡಿದು ತೂಗಲು ಆಗುವುದಿಲ್ಲ. ಹುಡುಗನಿಗೆ ಅವೆಲ್ಲ ಬರುತ್ತವೆ. ಆದರೆ ವಿಗ್ರಹಗಳು ಅಡ್ಡ ನಿಂತು ಮುಚ್ಚಿರುವ ಬಾಗಿಲು ತೆರೆಯುವುದು ಅವಳಿಂದ ಮಾತ್ರ. ಅವಳು ಮುಂದೆ ನಿಂತರೆ ಮಿಂಚು ಹರಿದು ವಿಗ್ರಹಗಳು ಪಕ್ಕಕ್ಕೆ ಸರಿಯುತ್ತವೆ. ಹಾಗಾಗಿ ಪ್ರತಿ ಅಂಗಳದಲ್ಲೂ ಇರುವ ಪ್ರಶ್ನೆ ಒಂದೇ, ಇವಳಿಗೆ ದಾರಿ ಮಾಡುವುದು ಹೇಗೆ? ಎಲ್ಲೋ ಒಂದು ಪೆಟ್ಟಿಗೆ ತಳ್ಳಬೇಕು, ಎಲ್ಲೋ ಸೇತುವೆ ಇಳಿಸಬೇಕು, ಎಲ್ಲೋ ಕೋಲಿಗೆ ಪಂಜಿನಿಂದ ಬೆಂಕಿ ಹಚ್ಚಿಕೊಳ್ಳಬೇಕು. ಅಷ್ಟರಲ್ಲಿ ಅವಳನ್ನು ಒಬ್ಬಳನ್ನೇ ಜಾಸ್ತಿ ಹೊತ್ತು ಬಿಟ್ಟರೆ ನೆಲದಲ್ಲಿ ಕಪ್ಪು ಹೊಗೆಯ ಗುಂಡಿಗಳು ತೆರೆದು ನೆರಳಿನಂಥ ಜೀವಗಳು ಎದ್ದು ಬರುತ್ತವೆ. ಅವು ಹುಡುಗನನ್ನು ಕೊಲ್ಲುವುದಿಲ್ಲ. ಸುಮ್ನೆ ಅವನನ್ನು ಹೊಡೆದು ಬೀಳಿಸಿ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಗುಂಡಿಯೊಳಗೆ ಎಳೆಯುತ್ತವೆ. ಓಡಿ ಹೋಗಿ ಗುಂಡಿಯೊಳಗೆ ಕೈ ಹಾಕಿ ಅವಳನ್ನು ಮೇಲಕ್ಕೆ ಎಳೆಯಬೇಕು. ಅವಳು ಪೂರ್ತಿ ಮುಳುಗಿದರೆ ಆಟ ಮುಗಿಯಿತು. ಎಲ್ಲ ಆಟದಲ್ಲೂ ನಾವು ಕಾಪಾಡಿಕೊಳ್ಳುವುದು ನಮ್ಮ ಜೀವ. ಇಲ್ಲಿ ಏಟು ತಿಂದರೆ ನಮಗೇನೂ ಆಗುವುದಿಲ್ಲ, ಎದ್ದು ಓಡಬೇಕು, ಅಷ್ಟೇ.

ನಾನು ದಿನವೂ ಒಂದು ಗಂಟೆ ಹೋಗಿ ಆಡಿದೆ. ಬಸ್ಸಿಗೆ ಕೊಟ್ಟಿದ್ದ ದುಡ್ಡು ಉಳಿಸಿ, ಕಾಲೇಜಿನಿಂದ ನಡೆದು ಬಂದು ಆಡಿದೆ. ಒಂದು ದಿನ ಏಳನೇ ಕ್ಲಾಸಿನಲ್ಲಿದ್ದ ನನ್ನ ತಂಗಿ ನನ್ನನ್ನು ಊಟಕ್ಕೆ ಕರೆಯಲು ಅಂಗಡಿಗೆ ಬಂದಳು. ಆ ಅಂಗಡಿಗೆ ಹೆಣ್ಣುಮಕ್ಕಳು ಬರುತ್ತಿರಲಿಲ್ಲ. ಬಾಗಿಲಲ್ಲೇ ನಿಂತಳು. ಆಗ ಆಟದಲ್ಲಿ ಒಂದು ಮುರಿದ ಸೇತುವೆ ಬಂದಿತ್ತು. ಹುಡುಗ ಹಾರಿ ಆಚೆ ಹೋಗಿದ್ದ, ಯೋರ್ಡಾ ಈಚೆ ನಿಂತಿದ್ದಳು, ಕೆಳಗೆ ಸಮುದ್ರ. ನಾನು ಆರ್ ಒನ್ ಒತ್ತಿ ಕರೆದೆ. ಅವಳು ಅಂಚಿಗೆ ಬಂದು ಕೆಳಗೆ ನೋಡಿ ಹಿಂದಕ್ಕೆ ಹೋದಳು. ಮತ್ತೆ ಕರೆದೆ. ತಲೆ ಅಲ್ಲಾಡಿಸಿದ ಹಾಗೆ ಮಾಡಿದಳು. ಮೂರನೇ ಸಲ ಕರೆದಾಗ ಹಿಂದಕ್ಕೆ ಹೋಗಿ ಓಡಿ ಬಂದು ಹಾರಿದಳು. ಹಾರಿದ್ದು ಸಾಲಲಿಲ್ಲ. ಬೀಳುವಾಗ ಹುಡುಗ ಬಗ್ಗಿ ಒಂದೇ ಕೈಯಲ್ಲಿ ಹಿಡಿದುಕೊಂಡ. ಅವಳು ತೂಗುತ್ತಿದ್ದಳು. ಬಾಗಿಲಲ್ಲಿದ್ದ ನನ್ನ ತಂಗಿ "ಅಣ್ಣಾ, ಬಿಡಬೇಡ!" ಅಂತ ಕೂಗಿಬಿಟ್ಟಳು. ಪಕ್ಕದ ಟೀವಿಯಲ್ಲಿ ಕುಸ್ತಿ ಆಡುತ್ತಿದ್ದವರೂ ಆಟ ನಿಲ್ಲಿಸಿ ಈ ಕಡೆ ತಿರುಗಿದರು. ನಾನು ಅವಳನ್ನು ಮೇಲಕ್ಕೆ ಎಳೆದುಕೊಂಡೆ. ಅವತ್ತು ಮನೆಯಲ್ಲಿ ಊಟ ತಣ್ಣಗಾಗಿತ್ತು, ಇಬ್ಬರಿಗೂ ಅಮ್ಮನಿಂದ ಬೈಗುಳ ಬಿತ್ತು. ಆದರೆ ಅವತ್ತಿನಿಂದ ತಂಗಿ ದಿನವೂ ನನ್ನ ಜೊತೆ ಬಂದಳು, ಪಕ್ಕದಲ್ಲೇ ಒಂದು ಸ್ಟೂಲ್ ಹಾಕಿಕೊಂಡು ಕೂತು ನೋಡಿದಳು.

ಇದನ್ನು ಓದುವ ದುರ್ಗದವರಿಗೆ ಇನ್ನೊಂದು ವಿಷಯ ಹೇಳಲೇಬೇಕು. ಆ ಆಟ ಆಡಿದವರಿಗೆ ನಮ್ಮ ಕೋಟೆ ಬೇರೆಯಾಗಿ ಕಾಣುತ್ತದೆ. ಚಿಕ್ಕಂದಿನಿಂದ ನಾವು ಏಳು ಸುತ್ತಿನ ಕೋಟೆಯನ್ನು ನೋಡುತ್ತಲೇ ಇದ್ದೇವೆ, ನೆಂಟರು ಬಂದರೆ ಕರೆದುಕೊಂಡು ಹೋಗಿ ಓಬವ್ವನ ಕಿಂಡಿ ತೋರಿಸುತ್ತೇವೆ, ಮೇಲೆ ಹತ್ತಿ ಫೋಟೋ ತೆಗೆಸಿಕೊಂಡು ಇಳಿಯುತ್ತೇವೆ. ಬಾಗಿಲು ದಾಟಿದ ಮೇಲೆ ದಾರಿ ಯಾಕೆ ನೇರ ಹೋಗದೆ ತಿರುಗುತ್ತದೆ ಅಂತ ನಾನು ಯೋಚಿಸಿರಲೇ ಇಲ್ಲ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬಾರದು, ವೈರಿ ಒಂದೇ ಓಟದಲ್ಲಿ ನುಗ್ಗಬಾರದು ಅಂತ ಹಾಗೆ ಕಟ್ಟಿದ್ದಾರೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಊರೊಳಗಿನ ಸಿಹಿನೀರು ಹೊಂಡಕ್ಕೆ, ಆಮೇಲೆ ಸಂತೆ ಹೊಂಡಕ್ಕೆ. ಒಂದು ಕಡೆ ಮಾಡಿದ ಕೆಲಸ ಇನ್ನೊಂದು ಕಡೆ ಕಾಣುತ್ತದೆ. ಇಕೋ ಆಟದ ಕೋಟೆಯೂ ಹಾಗೇ. ಒಂದು ಅಂಗಳದ ಕಿಟಕಿಯಿಂದ ನೋಡಿದರೆ ದೂರದಲ್ಲಿ ಒಂದು ಗೋಪುರ ಕಾಣುತ್ತದೆ, ಎರಡು ಗಂಟೆ ಆದ ಮೇಲೆ ನೀವು ಅದೇ ಗೋಪುರದ ಮೇಲೆ ನಿಂತು ಹಿಂದೆ ಬಂದ ಅಂಗಳವನ್ನು ನೋಡುತ್ತೀರಿ. ನೀರು ಹರಿಸುವ ತೂಬು, ತಿರುಗುವ ಚಕ್ರ, ಬೆಳಕು ಬಿದ್ದರೆ ತೆರೆಯುವ ಬಾಗಿಲು. ಎಲ್ಲಕ್ಕೂ ಒಂದಕ್ಕೊಂದು ಸಂಬಂಧ ಇದೆ. ಆಟ ಮುಗಿಸಿದ ವಾರ ನಾನೂ ತಂಗಿಯೂ ಕೋಟೆಗೆ ಹೋಗಿದ್ದೆವು. ಅವಳು ಒಂದೊಂದು ಬಾಗಿಲ ಹತ್ತಿರವೂ ನಿಂತು "ಇಲ್ಲಿಂದ ಅವಳನ್ನು ಹೇಗೆ ಹತ್ತಿಸ್ತೀಯ?" ಅಂತ ಕೇಳುತ್ತಿದ್ದಳು. ಬಂಡೆಗೆ ಕಡಿದ ಸಣ್ಣ ಸಣ್ಣ ಮೆಟ್ಟಿಲುಗಳನ್ನು ಕೈಯಿಂದ ಮುಟ್ಟಿ ನೋಡಿದ್ದು ನನಗೆ ಅವತ್ತೇ ಮೊದಲು.

ಮತ್ತೆ ಗಾಳಿ. ನಮ್ಮೂರಿನ ಗಾಳಿಯ ಬಗ್ಗೆ ಬೇರೆ ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ. ಜೋಗಿಮಟ್ಟಿ ಕಡೆ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳು ನಿಂತಿವೆ, ಹೈವೇಯಲ್ಲಿ ಹೋಗುವವರಿಗೂ ಕಾಣುತ್ತವೆ. ಇಕೋ ಕೋಟೆಯಲ್ಲೂ ಒಂದು ದೊಡ್ಡ ಗಾಳಿಯಂತ್ರ ಇದೆ, ಹಳೆ ಕಾಲದ್ದು, ಬಟ್ಟೆಯ ರೆಕ್ಕೆಯದ್ದು. ಹುಡುಗ ಅದರ ತಿರುಗುವ ರೆಕ್ಕೆ ಹಿಡಿದುಕೊಂಡು ಮೇಲಕ್ಕೆ ಹೋಗಬೇಕು. ಅಲ್ಲಿ ಹುಲ್ಲು ಇದೆ, ಬಿಸಿಲು ಇದೆ, ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಆಟದಲ್ಲಿ ನನಗೆ ಅತಿ ಇಷ್ಟದ ಜಾಗ ಅದು. ಕೆಲಸ ಮುಗಿದ ಮೇಲೂ ನಾನು ಅಲ್ಲೇ ಸುಮ್ನೆ ನಿಂತಿರುತ್ತಿದ್ದೆ. ಗಂಟೆಗೆ 20 ರೂಪಾಯಿ ಕೊಟ್ಟು ಸುಮ್ನೆ ನಿಂತಿರುತ್ತಿದ್ದೆ ಅಂದರೆ ಆ ಜಾಗ ಹೇಗಿರಬೇಕು ನೋಡಿ.

ಅದನ್ನು ಮಾಡಿದವರ ಬಗ್ಗೆ ನಾನು ತಿಳಿದುಕೊಂಡಿದ್ದು ಬಹಳ ವರ್ಷ ಆದ ಮೇಲೆ. ನಿರ್ದೇಶಕ ಫುಮಿತೋ ಉಯೆದಾ. 1970ರಲ್ಲಿ ಹುಟ್ಟಿದವರು, ಒಸಾಕಾದ ಕಲಾ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆ ಓದಿದವರು. ಟೀವಿಯಲ್ಲಿ ಬಂದ ಒಂದು ಜಾಹೀರಾತಿನಲ್ಲಿ ಹೆಂಗಸೊಬ್ಬಳು ಕಾಡಿನಲ್ಲಿ ಮಗುವಿನ ಕೈ ಹಿಡಿದು ನಡೆಯುವುದನ್ನು ನೋಡಿ ಅವರಿಗೆ ಇದು ಹೊಳೆಯಿತಂತೆ. 1997ರಲ್ಲಿ ಕೆಲಸ ಶುರು ಮಾಡಿದ್ದು ಮೊದಲನೇ ಪ್ಲೇಸ್ಟೇಷನ್‌ಗೆ. ಆ ಯಂತ್ರದ ಶಕ್ತಿ ಸಾಲದೆ, ಅಷ್ಟು ಹೊತ್ತಿಗೆ ಬಂದ ಪಿಎಸ್2ಕ್ಕೆ ಎಲ್ಲವನ್ನೂ ಬದಲಾಯಿಸಿಕೊಂಡರು. ಅವರು ಆಟ ಕಟ್ಟಿದ ರೀತಿ ಏನಂದರೆ ತೆಗೆಯುತ್ತಾ ಹೋಗುವುದು. ಕೈ ಹಿಡಿಯುವುದಕ್ಕೆ ಸಂಬಂಧ ಇಲ್ಲದ್ದನ್ನೆಲ್ಲ ಒಂದೊಂದಾಗಿ ತೆಗೆದು ಹಾಕಿದರು. ವೈರಿಗಳು ಅಂದರೆ ನೆರಳುಗಳು ಮಾತ್ರ ಉಳಿದವು, ಆಯುಧ ಅಂದರೆ ಒಂದು ಕೋಲು, ಆಮೇಲೆ ಕತ್ತಿ. ಹುಡುಗನ ಓಟ, ಎಡವುವುದು, ಯೋರ್ಡಾ ಹಕ್ಕಿ ಕಂಡರೆ ಆ ಕಡೆ ಹೋಗುವುದು, ಇದೆಲ್ಲ ನಟರ ಮೈಗೆ ಯಂತ್ರ ಕಟ್ಟಿ ತೆಗೆದದ್ದಲ್ಲ, ಕೂತು ಕೈಯಿಂದ ಒಂದೊಂದು ಭಂಗಿ ಮಾಡಿದ್ದು. ಕಂಪ್ಯೂಟರ್ ಕ್ಲಾಸಿನಲ್ಲಿ ಹಳೆ ಪ್ರಿನ್ಸ್ ಆಫ್ ಪರ್ಷಿಯಾ ಆಡಿದವರಿಗೆ ಆ ರಾಜಕುಮಾರ ಅಂಚು ಹಿಡಿದು ತೂಗುವುದು ನೆನಪಿರಬೇಕು. ಅದರ ಪ್ರಭಾವವೂ ಇಲ್ಲಿದೆ.

ತೊಂದರೆಗಳೂ ಇವೆ, ಹೇಳದೆ ಬಿಡುವುದು ಸರಿಯಲ್ಲ. ಕ್ಯಾಮೆರಾ ಅದಕ್ಕೆ ಬೇಕಾದ ಕಡೆ ನೋಡುತ್ತದೆ, ನಮಗೆ ಬೇಕಾದ ಕಡೆ ಸ್ವಲ್ಪ ಮಾತ್ರ ತಿರುಗುತ್ತದೆ. ನೆರಳುಗಳ ಜೊತೆ ಹೊಡೆದಾಟ ಕೊನೆಕೊನೆಗೆ ಬೇಸರ ತರಿಸುತ್ತದೆ, ಕೋಲು ಬೀಸಿದ್ದೇ ಬೀಸಿದ್ದು. ಯೋರ್ಡಾ ಏಣಿ ಹತ್ತುವುದಕ್ಕೆ ಬಹಳ ಹೊತ್ತು ಮಾಡುತ್ತಾಳೆ. ಆದರೆ ಅವಳು ತಡಮಾಡುವುದು ನನಗೆ ತಪ್ಪು ಅನ್ನಿಸಲಿಲ್ಲ. ಹೆದರಿರುವ ಒಂದು ಜೀವವನ್ನು ಕರೆದುಕೊಂಡು ಹೋಗುವಾಗ ಆಗುವಷ್ಟೇ ತಡ ಅದು.

ಇನ್ನು ಸೇವ್ ಮಾಡುವ, ಅಂದರೆ ಆಟ ಎಲ್ಲಿಗೆ ಬಂದಿದೆಯೋ ಅಲ್ಲಿಗೆ ಉಳಿಸಿಡುವ ರೀತಿ. ಕೋಟೆಯಲ್ಲಿ ಅಲ್ಲಲ್ಲಿ ಕಲ್ಲಿನ ಸೋಫಾಗಳಿವೆ. ಇಬ್ಬರೂ ಅದರ ಮೇಲೆ ಕೂತರೆ ಆಟ ಸೇವ್ ಆಗುತ್ತದೆ. ಮತ್ತೆ ಆಡಲು ಬಂದಾಗ ಇಬ್ಬರೂ ಒಬ್ಬರಿಗೊಬ್ಬರು ಒರಗಿ ನಿದ್ದೆ ಹೋಗಿರುತ್ತಾರೆ, ನಾವು ಎಬ್ಬಿಸಬೇಕು. ಆಗ ಊರಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುತ್ತಿರಲಿಲ್ಲ. ಸೋಫಾ ಸಿಗುವ ಮುಂಚೆ ಕರೆಂಟ್ ಹೋಗಿ ಒಂದು ಗಂಟೆಯ ಆಟ ಎರಡು ಸಲ ನೀರಲ್ಲಿ ಹೋಯಿತು. ಮೂರನೇ ಸಲ ಅಂಗಡಿಯ ಮೆಮರಿ ಕಾರ್ಡಿನಲ್ಲಿ ಜಾಗ ಇಲ್ಲ ಅಂತ ಯಾರೋ ಹುಡುಗ ನನ್ನ ಸೇವ್ ಅಳಿಸಿ ತನ್ನ ಕ್ರಿಕೆಟ್ ಟೂರ್ನಮೆಂಟ್ ಹಾಕಿಕೊಂಡಿದ್ದ. 8 ಎಂಬಿಯ ಕಾರ್ಡು, ಎಲ್ಲರಿಗೂ ಅದೊಂದೇ. ತಂಗಿ ಅವತ್ತು ಅತ್ತುಬಿಟ್ಟಳು. "ಅವರಿಬ್ಬರೂ ಈಗ ಎಲ್ಲಿದ್ದಾರೆ?" ಅಂತ ಕೇಳಿದಳು. ಮತ್ತೆ ಮೊದಲಿಂದ ಶುರು ಮಾಡಿದೆವು. ದಾರಿ ಗೊತ್ತಿದ್ದರಿಂದ ಬೇಗ ಬಂದೆವು. ಮೊದಲ ಸಲ ಆಡುವವರಿಗೆ ಇದು ಆರರಿಂದ ಎಂಟು ಗಂಟೆಯ ಆಟ, ಅಷ್ಟೇ. ಕೊನೆ ಹೇಗೆ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಕೊನೆಯ ಅರ್ಧ ಗಂಟೆ ಅಂಗಡಿಯಲ್ಲಿ ಏಳೆಂಟು ಜನ ನಮ್ಮ ಹಿಂದೆ ನಿಂತಿದ್ದರು, ಒಬ್ಬರೂ ಮಾತಾಡಲಿಲ್ಲ. ಅಂಗಡಿಯ ಅಣ್ಣ ಅವತ್ತು ದುಡ್ಡು ತೆಗೆದುಕೊಳ್ಳಲಿಲ್ಲ.

ಇಷ್ಟು ಒಳ್ಳೆ ಆಟ ಯಾಕೆ ಜನಕ್ಕೆ ತಲುಪಲಿಲ್ಲ? ಪಿಎಸ್2 ಯಂತ್ರ ಮಾರಾಟವಾಗಿದ್ದು 15 ಕೋಟಿಗೂ ಜಾಸ್ತಿ. ಆ ಯಂತ್ರಕ್ಕೆ ಬಂದ ಸ್ಯಾನ್ ಆಂಡ್ರಿಯಾಸ್ ಆಟದ ಮಾರಾಟ ಒಂದೇ 1.7 ಕೋಟಿ ದಾಟಿತು. ಇಕೋ 2009ರ ಹೊತ್ತಿಗೂ ಎಲ್ಲ ದೇಶ ಸೇರಿ ಸುಮಾರು 7 ಲಕ್ಷ. ಅಮೆರಿಕದಲ್ಲಿ ಇದು 2001ರ ಸೆಪ್ಟೆಂಬರ್‌ನಲ್ಲಿ ಬಂತು, ಜಪಾನಿನಲ್ಲಿ ಡಿಸೆಂಬರ್‌ನಲ್ಲಿ, ಯುರೋಪಿನಲ್ಲಿ 2002ರ ಮಾರ್ಚ್‌ನಲ್ಲಿ. ಜಪಾನ್, ಯುರೋಪಿನ ಡಬ್ಬಿಯ ಮೇಲೆ ಇರುವ ಚಿತ್ರವನ್ನು ಉಯೆದಾ ಅವರೇ ಬರೆದಿದ್ದಾರೆ. ಇಟಲಿಯ ಕಲಾವಿದ ಜಾರ್ಜೋ ದೆ ಕಿರಿಕೋ ಅವರ ಶೈಲಿಯಿಂದ ಬಂದದ್ದು. ಹಳದಿ ಬಿಸಿಲು, ಉದ್ದುದ್ದ ನೆರಳು, ದೊಡ್ಡ ಕಮಾನುಗಳು, ಕೈ ಹಿಡಿದು ಓಡುತ್ತಿರುವ ಇಬ್ಬರು ಪುಟ್ಟ ಮಕ್ಕಳು. ಅಮೆರಿಕದ ಡಬ್ಬಿಗೆ ಮಾತ್ರ ಬೇರೆ ಚಿತ್ರ ಹಾಕಿದರು. ಹುಡುಗನ ಮುಖ ದೊಡ್ಡದಾಗಿ ಮುಂದೆ, ಸಾಮಾನ್ಯ ಹೊಡೆದಾಟದ ಆಟದ ಹಾಗೆ. ಅಲ್ಲಿ ಮಾರಾಟ ಬಿದ್ದುಹೋಗಲು ಅದೂ ಒಂದು ಕಾರಣ ಅಂತ ಆಮೇಲೆ ಸೋನಿ ಕಂಪನಿಯವರೇ ಹೇಳಿದರು. ನಮಗಂತೂ ಯಾವ ಚಿತ್ರವೂ ಸಿಗಲಿಲ್ಲ, ಮಾರ್ಕರ್ ಪೆನ್ನಿನ ಮೂರು ಅಕ್ಷರ ಸಿಕ್ಕಿತು. ಒಂದು ವೇಳೆ ಆ ಹಳದಿ ಚಿತ್ರ ಅಂಗಡಿಯ ಗೋಡೆ ಮೇಲೆ ಅಂಟಿಸಿದ್ದರೆ ಎರಡು ವಾರ ಆ ಡಿಸ್ಕ್ ಹಾಗೇ ಬಿದ್ದಿರುತ್ತಿರಲಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕಡಿಮೆ ಜನ ಆಡಿದರೂ ಆಡಿದವರನ್ನು ಅದು ಬಿಡಲಿಲ್ಲ. ಈಗ ಮಕ್ಕಳು ಬಾಯಿ ತುಂಬ ಹೇಳುವ ಡಾರ್ಕ್ ಸೋಲ್ಸ್, ಎಲ್ಡನ್ ರಿಂಗ್ ಮಾಡಿದ ಹಿದೆತಾಕಾ ಮಿಯಾಝಾಕಿ ಮೊದಲು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಇಕೋ ಆಡಿದ ಮೇಲೆ ಆ ಕೆಲಸ ಬಿಟ್ಟು ಆಟ ಮಾಡಲು ಹೋದರು, ಆಗ ಅವರಿಗೆ 29 ವರ್ಷ. ಜಪಾನಿನ ಹೆಸರಾಂತ ಕಾದಂಬರಿಕಾರ್ತಿ ಮಿಯುಕಿ ಮಿಯಾಬೆ ಈ ಆಟದ ಮೇಲೆ 2004ರಲ್ಲಿ ಒಂದು ಕಾದಂಬರಿಯನ್ನೇ ಬರೆದರು. ಅಲ್ಲಿ ಆಟವನ್ನು ಓದುವ ಜನರೂ ಗೌರವದಿಂದ ನೋಡುತ್ತಾರೆ. ನಾನು ನಿಮ್ಮಲ್ಲಿ ಕೇಳುತ್ತಿರುವುದೂ ಅದನ್ನೇ.

ಆಡಬೇಕು ಅನ್ನಿಸಿದವರಿಗೆ ಈಗ ದಾರಿ ಏನು? ಪಿಎಸ್2 ತಯಾರಿಕೆ ನಿಂತಿದ್ದು 2013ರ ಶುರುವಿನಲ್ಲಿ. ಆದರೂ ಎಷ್ಟೋ ಮನೆಗಳಲ್ಲಿ ಅದು ಅಟ್ಟದ ಮೇಲೆ, ಮಂಚದ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತದೆ. ದಯವಿಟ್ಟು ಗುಜರಿಗೆ ಹಾಕಬೇಡಿ. ಹೊಸ ಟೀವಿಗಳಲ್ಲಿ ಹಳದಿ, ಬಿಳಿ, ಕೆಂಪು ವಯರ್ ಸಿಕ್ಕಿಸುವ ಜಾಗ ಇರುವುದಿಲ್ಲ, ಅದಕ್ಕೊಂದು ಸಣ್ಣ ಕನ್ವರ್ಟರ್ ಬೇಕು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಮುಂದಿನ ಯಂತ್ರ ಪಿಎಸ್3 ಇದ್ದವರಿಗೆ ಇನ್ನೂ ಸುಲಭ. 2011ರಲ್ಲಿ ಇಕೋವನ್ನೂ, ಅದೇ ತಂಡದ ಇನ್ನೊಂದು ಆಟ ಶ್ಯಾಡೋ ಆಫ್ ದ ಕೊಲೋಸಸ್ ಅನ್ನೂ ಸೇರಿಸಿ ಒಂದೇ ಡಿಸ್ಕ್‌ನಲ್ಲಿ, ಚಿತ್ರ ಇನ್ನಷ್ಟು ಚೊಕ್ಕ ಮಾಡಿ ಬಿಟ್ಟಿದ್ದಾರೆ. ನಾನು ಈಗ ಇಟ್ಟುಕೊಂಡಿರುವುದು ಅದನ್ನೇ. ಸೆಕೆಂಡ್ ಹ್ಯಾಂಡ್, ಆದರೆ ಒರಿಜಿನಲ್. ದಾವಣಗೆರೆಯಲ್ಲಿ ಕೆಲಸಕ್ಕಿದ್ದಾಗ ಮೊದಲ ವರ್ಷವೇ ಹುಡುಕಿ ಕೊಂಡುಕೊಂಡೆ. ಕಾಪಿ ಡಿಸ್ಕ್‌ನಲ್ಲಿ ಆಡಿ ಅಷ್ಟು ಪಡೆದ ಮೇಲೆ ಒಂದು ಸಲವಾದರೂ ಸರಿಯಾಗಿ ದುಡ್ಡು ಕೊಡಬೇಕು ಅನ್ನುವುದು ಮನಸ್ಸಲ್ಲಿತ್ತು.

ಆ ಡಿಸ್ಕ್‌ನಲ್ಲಿ ಎರಡು ವಿಷಯ ಇವೆ, ಅಮೆರಿಕದ ಹಳೆ ಡಿಸ್ಕ್‌ನಲ್ಲಿ ಇವು ಇರಲಿಲ್ಲ. ಒಂದು ಸಲ ಮುಗಿಸಿ ಎರಡನೇ ಸಲ ಆಡಿದರೆ ಯೋರ್ಡಾ ಹೇಳುವ ಮಾತುಗಳ ಅರ್ಥ ಕೆಳಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಬರುತ್ತದೆ. ನಾನು ಅದನ್ನು ಓದಿದೆ. ಬೆಳಗಾವಿಯಲ್ಲಿರುವ ತಂಗಿಗೆ ಫೋನ್ ಮಾಡಿ ಯೋರ್ಡಾ ಪಂಜರದಿಂದ ಹೊರಗೆ ಬಂದಾಗ ಏನು ಹೇಳಿದ್ದು ಅಂತ ಹೇಳಲಾ ಅಂತ ಕೇಳಿದೆ. "ಬೇಡ ಅಣ್ಣ, ನನಗೆ ಗೊತ್ತು" ಅಂದಳು.

ಇನ್ನೊಂದು, ಎರಡನೇ ಸಲ ಇಬ್ಬರು ಸೇರಿ ಆಡಬಹುದು. ಒಬ್ಬರು ಹುಡುಗ, ಇನ್ನೊಬ್ಬರು ಯೋರ್ಡಾ. ನನ್ನ ಮಗಳಿಗೆ ಎಂಟು ವರ್ಷ. ಅವಳ ಕೈಗೆ ಎರಡನೇ ರಿಮೋಟು ಕೊಟ್ಟಿದ್ದೇನೆ. ಭಾನುವಾರ ಸಂಜೆ ಒಂದು ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ನಾನು ಬಾಗಿಲ ಕಡೆ ಕರೆದರೆ ಅವಳು ಪಾರಿವಾಳದ ಹಿಂದೆ ಹೋಗುತ್ತಾಳೆ. ನೆರಳುಗಳು ಬಂದರೆ ಓಡಿ ಬಂದು ನನ್ನ ಪಕ್ಕ ನಿಲ್ಲುತ್ತಾಳೆ, ಆಟದಲ್ಲೂ, ಮನೆಯ ಚಾಪೆಯ ಮೇಲೂ. ಕಳೆದ ವಾರ ಆ ಮುರಿದ ಸೇತುವೆ ಬಂತು. ನಾನು ಆಚೆಯಿಂದ ಕರೆದೆ. ಅವಳು ತುಂಬಾ ಹೊತ್ತು ಹಾರಲಿಲ್ಲ. "ಹಿಡ್ಕೋತೀಯಾ ಅಪ್ಪಾ?" ಅಂತ ಮೂರು ಸಲ ಕೇಳಿದಳು.

ಸಂಪಾದಕರೇ, ನನ್ನ ಕೋರಿಕೆ ದೊಡ್ಡದಲ್ಲ. ತಿಂಗಳಿಗೆ ಒಂದು ಭಾನುವಾರ, ಹಳೆ ಸಿನಿಮಾದ ಪಕ್ಕದಲ್ಲಿ ಅರ್ಧ ಕಾಲಂ ಹಳೆ ಆಟಗಳಿಗೆ ಕೊಡಿ. ಯಾವ ಆಟ ಮಕ್ಕಳ ಜೊತೆ ಕೂತು ಆಡಬಹುದು, ಯಾವುದು ಎಷ್ಟು ಗಂಟೆ ಹಿಡಿಯುತ್ತದೆ, ಯಾವುದರಲ್ಲಿ ರಕ್ತಪಾತ ಇದೆ ಯಾವುದರಲ್ಲಿ ಇಲ್ಲ, ಇಂಗ್ಲಿಷ್ ಬಾರದವರಿಗೂ ಯಾವುದು ತಿಳಿಯುತ್ತದೆ ಅಂತ ಕನ್ನಡದಲ್ಲಿ ಬರೆಸಿ. ಬರೆಯುವವರು ದುರ್ಗದಲ್ಲಿದ್ದಾರೆ, ದಾವಣಗೆರೆಯಲ್ಲಿದ್ದಾರೆ, ಆ ಅಂಗಡಿಗಳಲ್ಲಿ ಕೂತು ಬೆಳೆದವರಿಗೆಲ್ಲ ಈಗ ಮಕ್ಕಳಾಗಿದ್ದಾರೆ. ಬೇರೆ ಯಾರೂ ಸಿಗದಿದ್ದರೆ ಮೊದಲ ಮೂರು ನಾನೇ ಬರೆದು ಕಳಿಸುತ್ತೇನೆ, ಸಂಭಾವನೆ ಬೇಡ.

ಇಂತಿ,
ನಿಮ್ಮ ಓದುಗ
ಚಿತ್ರದುರ್ಗ